ಸೀಮಂತದ ಬಳೆಯೂ ಸತ್ಯವತಿಯ ಸರ್ಟಿಫಿಕೇಟೂ

ವಿಜಯನಗರದ ಮಾರ್ಕೆಟ್ ಬೀದಿಯಲ್ಲಿ ಬಳೆ ಅಂಗಡಿ ಇಟ್ಟಿರುವ ಸತ್ಯವತಿಯ ಮಾತಿಗೆ ಸಿಕ್ಕಿ ಪಾರಾದವರಿಲ್ಲ. ಸುಮ್ಮನೆ ದಾರಿ ಕೇಳಲು ನಿಂತ ಹೆಂಗಸು ಎರಡೂ ಕೈ ತುಂಬ ಬಳೆ ಏರಿಸಿಕೊಂಡು, ಹೋಗಬೇಕಾಗಿದ್ದ ಊರನ್ನೇ ಮರೆತು ಮನೆಗೆ ವಾಪಸಾದ ಉದಾಹರಣೆಗಳುಂಟು. ಇಂಥ ಸತ್ಯವತಿ ಒಂದು ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಯನ್ನು ಗಂಡನ ಮುಂದೆ ಕುಕ್ಕಿ, ಸೊಂಟದ ಮೇಲೆ ಕೈಯಿಟ್ಟು ಘೋಷಿಸಿದಳು:

"ರೀ, ನಾನು ಡೌಲಾ ಆಗ್ತೀನಿ!"

ಗಂಡ ರವಿಕುಮಾರ್ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತ. ಬಿಲ್ಲು ಜಾಸ್ತಿ ಬಂತೆಂದು ಕೂಗಾಡುವವರ ಮಾತು ಕಿವಿಗೆ ಬಿದ್ದರೂ ಬೀಳದಂತೆ ಕೂರುವ ವಿದ್ಯೆ ಅವನಿಗೆ ಸಿದ್ಧಿಸಿತ್ತು. ಮನೆಯಲ್ಲಿಯೂ ಅವನನ್ನು ಕಾಪಾಡುತ್ತಿದ್ದುದು ಅದೇ ವಿದ್ಯೆ. ಆದರೆ ಈ ಮಾತಿಗೆ ಅವನೂ ತಲೆ ಎತ್ತಿದ.

"ಡೌಲು ಗೊತ್ತು. ಅದು ನಿಂಗೆ ಹುಟ್ಟಿದಾಗಿಂದ ಇದೆ. ಡೌಲಾ ಅಂದ್ರೇನೇ?"

"ಹೆರಿಗೆ ಟೈಮಲ್ಲಿ ಹೆಂಗಸಿನ ಜೊತೆಗಿರೋರು ಕಣ್ರೀ. ಕೈ ಹಿಡ್ಕೊಳ್ಳೋದು, ಬೆನ್ನು ನೀವೋದು, ಧೈರ್ಯ ತುಂಬೋದು. ಡಾಕ್ಟ್ರ ಕೆಲಸ ಡಾಕ್ಟ್ರದು, ನರ್ಸ್ ಕೆಲಸ ನರ್ಸ್‌ದು. ಡೌಲಾ ಬರೀ ಜೊತೆಗಿರ್ತಾಳೆ. ಬಸವೇಶ್ವರನಗರದಲ್ಲಿ ಶನಿವಾರ ಭಾನುವಾರ ಕ್ಲಾಸು. ಮುಗಿಸಿದ್ರೆ ಸರ್ಟಿಫಿಕೇಟು!"

"ಬರೀ ಜೊತೆಗಿರೋದಕ್ಕೆ ಸರ್ಟಿಫಿಕೇಟಾ? ಮದುವೆ ಆದಾಗಿಂದ ನಿನ್ನ ಜೊತೆಗಿದೀನಿ. ನಂಗೆ ಯಾರೂ ಒಂದು ಚೀಟಿನೂ ಕೊಡ್ಲಿಲ್ಲವಲ್ಲೇ!"

"ನಗಬೇಡಿ. ದಪ್ಪ ಕೈಗೆ ಸಣ್ಣ ಬಳೆನ ಮಾತಾಡಿಸ್ತಾ ಮಾತಾಡಿಸ್ತಾ ನೋಯಿಸದೆ ಹತ್ತಿಸೋಳು ನಾನು. ಹೆರಿಗೇನೂ ಅಷ್ಟೇ ತಾನೆ? ದೊಡ್ಡದು ಸಣ್ಣದನ್ನ ದಾಟ್ಬೇಕು. ಕೆಲಸ ಒಂದೇ, ದಿಕ್ಕು ಬೇರೆ!"

ರವಿಕುಮಾರನ ಗಂಟಲಲ್ಲಿ ಉಪ್ಪಿಟ್ಟು ಸಿಕ್ಕಿಕೊಂಡಿತು. ಹೆರಿಗೆಶಾಸ್ತ್ರವನ್ನು ಇಷ್ಟು ಸಂಕ್ಷಿಪ್ತವಾಗಿ ಯಾವ ವೈದ್ಯಕೀಯ ಕಾಲೇಜಿನಲ್ಲೂ ಹೇಳಿಕೊಟ್ಟಿರಲಾರರು.

ವ್ಯಾಪಾರದವರಿಗೆ ಒಂದು ಚಾಳಿ ಇರುತ್ತದೆ. ಸರಕು ಬರುವ ಮೊದಲೇ ಬೋರ್ಡು ಬರೆಸುತ್ತಾರೆ. ಸತ್ಯವತಿಯೂ ಕ್ಲಾಸಿಗೆ ಹೆಸರು ಕೊಟ್ಟ ವಾರದಲ್ಲೇ 'ಸತ್ಯವತಿ ಬ್ಯಾಂಗಲ್ ಸ್ಟೋರ್ಸ್, ಇಲ್ಲಿ ಡೌಲಾ ಸೇವೆಯೂ ಉಂಟು' ಎಂದು ಬಣ್ಣದ ಅಕ್ಷರಗಳಲ್ಲಿ ಬರೆಸಿ ಅಂಗಡಿ ಮೇಲೆ ಏರಿಸಿಬಿಟ್ಟಳು. ಸರ್ಟಿಫಿಕೇಟು ಇನ್ನೂ ಕೈಗೆ ಬರದಿದ್ದರಿಂದ ಅದಕ್ಕೆ ಹಳೆಯ ಬೆಡ್‌ಶೀಟು ಹೊದಿಸಿದಳು. ಮುಚ್ಚಿಟ್ಟ ಬೋರ್ಡಿನಷ್ಟು ಗಮನ ಸೆಳೆಯುವ ವಸ್ತು ಮಾರ್ಕೆಟ್ಟಿನಲ್ಲಿ ಬೇರೊಂದಿಲ್ಲ. ಎದುರಿನ ಹೂವಿನವರು, ಪಕ್ಕದ ಪಾತ್ರೆಯವರು, ಮೇಲ್ಮನೆಯ ವಿಮಲಮ್ಮ, ಎಲ್ಲರೂ ಬೆಳಗಾದರೆ ಕೇಳುವುದು ಒಂದೇ: "ಸತ್ಯಕ್ಕಾ, ಬೆಡ್‌ಶೀಟು ಯಾವಾಗ ತೆಗೀತೀರಾ?"

ಹೀಗೆ ಸರ್ಟಿಫಿಕೇಟು ಎನ್ನುವುದು ಸತ್ಯವತಿಗೆ ಕಾಗದವಾಗಿ ಉಳಿಯಲಿಲ್ಲ. ಬೀದಿಯಲ್ಲಿ ತಲೆಯೆತ್ತಿ ಓಡಾಡುವ ಪ್ರಶ್ನೆಯಾಯಿತು.

ಕ್ಲಾಸು ನಡೆಸುತ್ತಿದ್ದವರು ರಂಜಿನಿ ಮೇಡಂ. ಗಾಳಿಗೂ ನೋವಾಗಬಾರದೆಂಬಂತೆ ಮೆಲ್ಲಗೆ ಮಾತನಾಡುವ ಹೆಣ್ಣುಮಗಳು. ಮೊದಲ ದಿನವೇ ಹೇಳಿದರು: "ಡೌಲಾ ಸಲಹೆ ಕೊಡಬಾರದು. ತಾಯಿ ಪರವಾಗಿ ತೀರ್ಮಾನ ತಗೋಬಾರದು. ತಾಯಿಗೆ ಬೇಕು ಅನಿಸಿದಾಗ ಮಾತು, ಬೇಡ ಅಂದಾಗ ಮೌನ."

ಸತ್ಯವತಿ ಕೈ ಎತ್ತಿದಳು. "ಮೇಡಂ, 'ಬೇಡ' ಅನ್ನೋದು ಗಿರಾಕಿಯ ಮೊದಲನೇ ಮಾತು. ಅದನ್ನ ನಂಬ್ಕೊಂಡ್ರೆ ವ್ಯಾಪಾರ ಆದ ಹಾಗೇ!"

"ಅವರು ಗಿರಾಕಿ ಅಲ್ಲ ಸತ್ಯವತಿಯವರೇ, ತಾಯಿ."

"ತಾಯಂದಿರೇ ಮೇಡಂ ಜಾಸ್ತಿ ಚೌಕಾಸಿ ಮಾಡೋದು!"

ಮಧ್ಯಾಹ್ನ ಮೌನದ ಅಭ್ಯಾಸ. ಇಬ್ಬಿಬ್ಬರ ಜೋಡಿ, ಒಬ್ಬರು ನೋವು ತಿನ್ನುವ ತಾಯಿ, ಇನ್ನೊಬ್ಬರು ಬಾಯಿಬಿಡದೆ ಪಕ್ಕದಲ್ಲಿ ಕೂರುವ ಡೌಲಾ. ಸತ್ಯವತಿಗೆ ಜೋಡಿಯಾಗಿ ಸಿಕ್ಕವಳು ಕೋಕಿಲಾ ಎಂಬ ಪಾಪದ ಹುಡುಗಿ. ಅವಳು ಚಾಪೆಯ ಮೇಲೆ ಮಲಗಿ ಸಣ್ಣಗೆ ನರಳಿದಳು. ಸತ್ಯವತಿ ತುಟಿ ಕಚ್ಚಿ ಕೂತಳು. ಕೋಕಿಲಾ ಮತ್ತೆ ನರಳಿದಳು. ಸತ್ಯವತಿಯ ಕಣ್ಣು ಅವಳ ಬೋಳು ಕೈ ಮೇಲೆ ಬಿತ್ತು. ಅಲ್ಲಿಗೆ ಮೌನದ ಆಯುಸ್ಸು ತೀರಿತು. ರಂಜಿನಿ ಮೇಡಂ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಕೋಕಿಲಾ ಎದ್ದು ಕೂತು, ಸತ್ಯವತಿಯ ಬ್ಯಾಗಿನಿಂದ ಹೊರಬಂದ ಬಳೆಗಳನ್ನು ಮೊಣಕೈವರೆಗೆ ತೊಟ್ಟು, ತಂಗಿಯ ಮದುವೆಗೆ ಆರ್ಡರು ಬೇರೆ ಕೊಡುತ್ತಿದ್ದಳು!

"ಇದೇನು ಸತ್ಯವತಿಯವರೇ?"

"ನೀವೇ ನೋಡಿ ಮೇಡಂ, ನೋವು ಎಲ್ಲಿದೆ ಇವಳಿಗೆ?"

ರಂಜಿನಿ ಮೇಡಂ ಅವಳನ್ನು ಪಕ್ಕಕ್ಕೆ ಕರೆದರು. ಸಿಟ್ಟಾದರೆ ಅವರ ದನಿ ಇನ್ನಷ್ಟು ಮೆತ್ತಗಾಗುತ್ತಿತ್ತು. "ಯುಗಾದಿಯೊಳಗೆ ನೀವು ಒಂದು ನಿಜವಾದ ಹೆರಿಗೇಲಿ ಜೊತೆಗಿರಬೇಕು. ಆಮೇಲೆ ಆ ತಾಯಿಯನ್ನ ನಾನೇ ಬಂದು ಮಾತಾಡಿಸ್ತೀನಿ. ಆಕೆ ಬಾಯಲ್ಲಿ 'ಇವರು ತುಂಬ ಮಾತಾಡಿದ್ರು' ಅನ್ನೋ ಒಂದು ಮಾತು ಬಂದ್ರೂ ನಿಮಗೆ ಸರ್ಟಿಫಿಕೇಟು ಇಲ್ಲ."

ಸತ್ಯವತಿ ಮನೆಗೆ ಬಂದವಳೇ ಪ್ರತಿಜ್ಞೆ ಮಾಡಿದಳು. ಮೌನವನ್ನು ಸಾಧಿಸಿಯೇ ತೀರುವುದು! ಸಾಧನೆಗೆ ಒಬ್ಬ ಬಸುರಿ ಬೇಕು. ಮನೆಯಲ್ಲಿ ಇದ್ದದ್ದು ರವಿಕುಮಾರ್ ಒಬ್ಬನೇ.

"ಆಗಲ್ಲ ಕಣೇ! ನಾನು ಸರ್ಕಾರಿ ನೌಕರ!"

"ಸರ್ಕಾರಿ ನೌಕರರು ಬಸುರಿ ಆಗ್ಬಾರ್ದು ಅಂತ ಎಲ್ಲಿ ಬರೆದಿದೆ? ರಜಾನೂ ಕೊಡ್ತಾರೆ! ಬನ್ನಿ, ಈ ದಿಂಬು ಕಟ್ಕೊಳ್ಳಿ."

ನೋವು ನಿಜವೆನಿಸಲು ಅವನ ಎರಡೂ ಮುಷ್ಟಿಗೆ ಫ್ರಿಜ್ಜಿನ ಐಸು ತುರುಕಿದಳು. ಮೊಣಕಾಲು ಮುಂಗೈ ಊರಿಸಿ ನಿಲ್ಲಿಸಿ, ಸೊಂಟದ ಮೇಲೆ ಎರಡೂ ಅಂಗೈ ಇಟ್ಟು ಒತ್ತತೊಡಗಿದಳು. ರವಿಕುಮಾರ್ ಐಸಿನ ಚಳಿಗೆ "ಅಯ್ಯಯ್ಯೋ, ಬಿಡೇ, ತಡ್ಕೊಳ್ಳೋಕಾಗ್ತಿಲ್ಲ ಕಣೇ!" ಎಂದು ಅರಚಿದ. ಸತ್ಯವತಿ ಮೌನವ್ರತಸ್ಥೆ, ತುಟಿ ಪಿಟಕ್ಕೆನ್ನಲಿಲ್ಲ. ಗಂಡ ಅರಚುತ್ತಾನೆ, ಹೆಂಡತಿ ಮಾತಾಡುತ್ತಿಲ್ಲ! ಇಂಥ ಅಪರೂಪದ ಸದ್ದು ಆ ಮನೆಯಿಂದ ಎಂದೂ ಕೇಳದಿದ್ದ ಮೇಲ್ಮನೆಯ ವಿಮಲಮ್ಮ, ಏನೋ ಅನಾಹುತವಾಗಿದೆಯೆಂದು ಒಲೆಯ ಮೇಲಿನ ಸಾರನ್ನೂ ಇಳಿಸದೆ ಓಡಿಬಂದರು. ಬಾಗಿಲು ತೆರೆದೇ ಇತ್ತು.

ಕ್ಷಣಕಾಲ ಮೂವರೂ ಹಾಗೇ ನಿಂತರು. ಒಬ್ಬರು ನಾಲ್ಕು ಕಾಲಿನ ಮೇಲೆ.

"ಏನಿಲ್ಲ ವಿಮಲಮ್ಮ, ನಂಗೆ... ಸ್ವಲ್ಪ ಬೆನ್ನು ನೋವು," ಎಂದ ರವಿಕುಮಾರ್.

"ಬೆನ್ನು ನೋವಿಗೆ ಹೊಟ್ಟೆಗ್ಯಾಕಪ್ಪ ದಿಂಬು?"

ಮರುದಿನ ಕಚೇರಿಗೆ ಹೊರಟ ರವಿಕುಮಾರನಿಗೆ ಹೂವಿನವಳು ಬಹಳ ಕಾಳಜಿಯಿಂದ ಹೇಳಿದಳು: "ಸಾರ್, ಬಸ್ಸಲ್ಲಿ ನಿಂತ್ಕೊಂಡು ಹೋಗ್ಬೇಡಿ."

ಗಂಡನ ಮೇಲಿನ ಸಾಧನೆ ಅಲ್ಲಿಗೆ ಮುಗಿಯಿತು. ಇನ್ನು ನಿಜವಾದ ಬಸುರಿಯ ಬೇಟೆ. ಬಳೆ ಅಂಗಡಿಗೆ ಬಸುರಿಯರಿಗೇನು ಬರವೇ? ದಿನಕ್ಕೊಬ್ಬರಾದರೂ ಬರುತ್ತಾರೆ. ಆದರೆ ಸತ್ಯವತಿ ಮರೆತಿದ್ದ ಒಂದು ಸಂಗತಿ ಇತ್ತು. ನಮ್ಮಲ್ಲಿ ಮೊದಲ ಹೆರಿಗೆ ತವರಿನ ಹಕ್ಕು! ಹೊಟ್ಟೆ ಬೆಳೆಯುವುದು ವಿಜಯನಗರದಲ್ಲಿ, ಮಗು ಹುಟ್ಟುವುದು ಕುಣಿಗಲ್ಲಿನಲ್ಲಿ. ವಾಂತಿ ರಾಜಾಜಿನಗರದಲ್ಲಿ, ಬಾಣಂತನ ಚಿಂತಾಮಣಿಯಲ್ಲಿ. ಸತ್ಯವತಿ ಒಬ್ಬೊಬ್ಬರನ್ನೇ ಗುರುತಿಟ್ಟು, ಜ್ಯೂಸು ತರಿಸಿ ಕುಡಿಸಿ, ಸ್ನೇಹ ಕುದುರಿಸುವಷ್ಟರಲ್ಲಿ ಅವಳ ಅಣ್ಣನೋ ಅಪ್ಪನೋ ಕಾರು ತಂದು ಕೂರಿಸಿಕೊಂಡು ಹೊರಟುಬಿಡುತ್ತಿದ್ದ. ಉಳಿದವರು ಯಾರ ಕಣ್ಣು ತಾಗೀತೋ ಎಂದು ದಿನವನ್ನೇ ಹೇಳುತ್ತಿರಲಿಲ್ಲ. "ಇನ್ನೂ ಬೇಕಾದಷ್ಟು ಟೈಮಿದೆ ಆಂಟಿ" ಎಂದು ಹೋದವಳ ಗಂಡ ಎರಡು ದಿನ ಬಿಟ್ಟು ಪೇಡ ತಂದುಕೊಟ್ಟ!

ಯುಗಾದಿ ಹತ್ತಿರವಾಗುತ್ತಿತ್ತು. ಬೆಡ್‌ಶೀಟಿನ ಮೇಲೆ ಪಾರಿವಾಳಗಳು ಸಂಸಾರ ಹೂಡುವ ಯೋಚನೆಯಲ್ಲಿದ್ದವು. ಆಗ ದೇವರು ಕಳಿಸಿದಂತೆ ಬಂದವಳು ಚೈತ್ರ.

ಚೈತ್ರಳ ತವರು ಪಕ್ಕದ ಹೊಸಹಳ್ಳಿ. ಕೊಟ್ಟದ್ದು ಮಾಗಡಿ ರಸ್ತೆಯ ಬ್ಯಾಡರಹಳ್ಳಿಗೆ. ತಾಯಿಗೆ ಮಂಡಿ ಆಪರೇಷನ್ ಆಗಿ ಹಾಸಿಗೆ ಹಿಡಿದಿದ್ದರಿಂದ ಹೆರಿಗೆ ಗಂಡನ ಮನೆಯಲ್ಲೇ ಎಂದು ನಿಶ್ಚಯವಾಗಿತ್ತು. ಸತ್ಯವತಿಯ ಮುಂದೆ ಕೂತವಳ ಕಣ್ಣಲ್ಲಿ ನೀರಿತ್ತು.

"ಆಂಟಿ, ನರ್ಸಿಂಗ್ ಹೋಮಲ್ಲಿ ಒಳಗೆ ಒಬ್ಬರನ್ನೇ ಬಿಡ್ತಾರಂತೆ. ನನ್ನ ಗಂಡಂಗೆ ಸೂಜಿ ನೋಡಿದ್ರೇ ತಲೆ ಸುತ್ತುತ್ತೆ. ಅತ್ತೆ ಬಂದ್ರೆ... ಅತ್ತೆ ಮುಂದೆ ಹೆಂಗಾಂಟಿ ಕಿರುಚೋದು? ನಂಗೆ ತುಂಬ ಭಯ ಆಗ್ತಿದೆ."

ಆ ಮಾತು ಕೇಳಿ ಸತ್ಯವತಿಯೊಳಗಿನ ವ್ಯಾಪಾರಿ ಒಂದು ನಿಮಿಷ ಎದ್ದು ಹೊರಗೆ ಹೋದಳು. "ನಾನಿರ್ತೀನಿ ಕಣಮ್ಮ" ಎಂದು ಅವಳ ಕೈ ಹಿಡಿದಳು. ಮರುನಿಮಿಷವೇ ವ್ಯಾಪಾರಿ ವಾಪಸು ಬಂದು ಕೇಳಿದಳು: "ಯುಗಾದಿ ಒಳಗೆ ತಾನೆ ಡೇಟು?"

ಆದರೆ ಬಸುರಿ ಒಪ್ಪಿದರೆ ಆಯಿತೇ? ಅತ್ತೆ ಒಪ್ಪಬೇಡವೇ? ಚೈತ್ರಳ ಅತ್ತೆ ಲಿಂಗಮ್ಮ ಬ್ಯಾಡರಹಳ್ಳಿಯ ಹಳೇ ಕುಳ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆಯುತ್ತಿದ್ದವರು. ಸತ್ಯವತಿಯನ್ನು ಮೇಲಿಂದ ಕೆಳಗೆ, ಕೊಳ್ಳುವ ಎಮ್ಮೆಯನ್ನು ನೋಡುವಂತೆ ನೋಡಿದರು.

"ನೋಡಮ್ಮ, ನೀನು ಒಳಕ್ಕೆ ಹೋಗು, ನಂದೇನೂ ಅಡ್ಡಿ ಇಲ್ಲ. ನಂಗೂ ಆ ಫಿನಾಯಿಲ್ ವಾಸನೆ ಆಗಲ್ಲ. ಆದ್ರೆ ಸೀಮಂತದ ಬಳೆ ನೀನೇ ತೊಡಿಸ್ಬೇಕು. ನನ್ನ ಮಗಳಿಗೆ ಯಾವನೋ ಸಡಿಲ ಬಳೆ ತೊಡಿಸಿ, ಬಟ್ಟೆ ಒಗೆಯೋವಾಗ ಜಾರಿ ಚರಂಡಿ ಸೇರ್ಕಂಡ್ವು. ನನ್ನ ಸೊಸೆ ಕೈಯಿಂದ ಹೆರಿಗೆ ಆಗೋಗಂಟ ಒಂದು ಬಳೆ ಜಾರ್ಬಾರ್ದು, ಒಂದು ಬಳೆ ಒಡೀಬಾರ್ದು!"

"ಲಿಂಗಮ್ಮನೋರೇ," ಸತ್ಯವತಿ ಎದೆಯುಬ್ಬಿಸಿದಳು, "ಸತ್ಯವತಿ ತೊಡಿಸಿದ ಬಳೆ ಸತ್ಯವತಿ ಅಪ್ಪಣೆ ಇಲ್ದೆ ಅಲುಗಾಡಲ್ಲ!"

ಸೀಮಂತದ ದಿನ ಸತ್ಯವತಿ ತನ್ನ ವಿದ್ಯೆಯನ್ನೆಲ್ಲ ಧಾರೆಯೆರೆದಳು. ಚೈತ್ರಳ ಕೈಯಳತೆ ಎರಡು-ಆರು. ಸತ್ಯವತಿ ತೆಗೆದದ್ದು ಒಂದಳತೆ ಕಮ್ಮಿ, ಎರಡು-ನಾಲ್ಕು. ಅಂಗೈಯನ್ನು ಕೋನ್ ಐಸ್‌ಕ್ರೀಮಿನಂತೆ ಮಡಿಸಿ, ಮೇಲೆ ತೆಳು ಪ್ಲಾಸ್ಟಿಕ್ ಕವರು ಹಾಕಿ, ಹೆಬ್ಬೆರಳ ಗೆಣ್ಣು ದಾಟುವಾಗ "ನಿನ್ನ ಗಂಡ ಅಲ್ಲಿ ಯಾರನ್ನ ನೋಡ್ತಿದಾನೆ?" ಎಂದು ಕೇಳಿದರೆ ಸಾಕು, ಅವಳು ಅತ್ತ ತಿರುಗುವಷ್ಟರಲ್ಲಿ ಬಳೆ ಇತ್ತ ಏರಿರುತ್ತಿತ್ತು. ಹಸಿರು ಗಾಜಿನ ಬಳೆಗಳು ಎರಡೂ ಮುಂಗೈಗಳಲ್ಲಿ ಮಿಸುಕದೆ, ಸೈನಿಕರಂತೆ ಸಾಲಾಗಿ ನಿಂತವು. ನೆರೆದ ಮುತ್ತೈದೆಯರು ಬೆರಗಾದರು. ಲಿಂಗಮ್ಮ ಎಳೆದು ನೋಡಿ ತಲೆದೂಗಿದರು.

"ಆಂಟಿ, ಸ್ವಲ್ಪ ಬಿಗಿ," ಎಂದಳು ಚೈತ್ರ.

"ಬಿಗಿ ಅಲ್ಲ ಕಣಮ್ಮ, ಭದ್ರ!"

ದಿನ ತುಂಬಿದಂತೆ ಎಲ್ಲ ಬಸುರಿಯರಿಗೂ ಕೈಕಾಲು ಊದುತ್ತವೆ ಎಂಬ ಪಾಠವನ್ನು ರಂಜಿನಿ ಮೇಡಂ ಮಾಡಿಯೇ ಇದ್ದರು. ಆ ದಿನ ಸತ್ಯವತಿ ಹಿಂದಿನ ಸಾಲಿನಲ್ಲಿ ಕೂತು ಪಕ್ಕದವಳಿಗೆ ಮಾರಲು ತಂದ ಕಿವಿಯೋಲೆ ತೋರಿಸುತ್ತಿದ್ದಳು. ಹಾಗಾಗಿ ಚೈತ್ರ ಫೋನು ಮಾಡಿ, "ಆಂಟಿ, ಬಳೆ ಒಂದಿಷ್ಟೂ ತಿರುಗ್ತಾನೇ ಇಲ್ಲ" ಎಂದಾಗ ಅವಳಿಗೆ ಹೆಮ್ಮೆಯೇ ಆಯಿತು.

"ಅದಕ್ಕೇ ಅನ್ನೋದಮ್ಮ, ಗ್ಯಾರಂಟಿ ಮಾಲು!"

ಕೊನೆಗೂ ಆ ದಿನ ಬಂತು. ಬೆಳಿಗ್ಗೆ ಅಂಗಡಿ ತೆರೆದು ಮೊದಲ ಗಿರಾಕಿಯ ಎಡಗೈಗೆ ಬಳೆ ತೊಡಿಸಿ ಬಲಗೈ ಹಿಡಿಯುವಷ್ಟರಲ್ಲಿ ಚೈತ್ರಳ ಗಂಡ ರೇವಂತನ ಫೋನು. "ಆಂಟಿ, ನೋವು ಶುರು! ನರ್ಸಿಂಗ್ ಹೋಮಿಗೆ ಬಂದ್ಬಿಟ್ಟಿದೀವಿ!"

"ಮೇಡಂ, ಬಲಗೈ ನಾಳೆ!" ಎಂದು ಗಿರಾಕಿಯನ್ನು ಎಬ್ಬಿಸಿ ಸತ್ಯವತಿ ಶಟರ್ ಎಳೆದಳು. ಜೊತೆಗೆ ಒಯ್ಯಲೇಬೇಕಾದ ಸಾಮಾನೊಂದಿತ್ತು. ಬಸುರಿಯರು ಕೂತು ಓಲಾಡಲೆಂದು ಕ್ಲಾಸಿನಲ್ಲಿ ಕೊಟ್ಟಿದ್ದ ದೊಡ್ಡ ರಬ್ಬರ್ ಚೆಂಡು. ಅದರ ಗಾಳಿ ತೆಗೆಯಲು ಪುರುಸೊತ್ತೆಲ್ಲಿ? ಆಟೋದ ಸೀಟಿನ ಮೇಲೆ ಚೆಂಡು ಆರಾಮವಾಗಿ ಕೂತಿತು. ಸತ್ಯವತಿ ಅಂಚಿನಲ್ಲಿ ನೇತಾಡಿದಳು.

"ಅಕ್ಕಾ, ಇಬ್ಬರ ಚಾರ್ಜ್ ಆಗುತ್ತೆ," ಎಂದ ಆಟೋದವನು.

ದಾರಿಯುದ್ದಕ್ಕೂ ಅವಳು ಮನಸ್ಸಿನಲ್ಲೇ ಜಪಿಸಿದಳು: ಮಾತಾಡಬಾರದು, ಸಲಹೆ ಕೊಡಬಾರದು, ಮಾರಬಾರದು. ಮಾತಾಡಬಾರದು, ಸಲಹೆ ಕೊಡಬಾರದು, ಮಾರಬಾರದು. ಆದರೂ ಒಳಗೊಳಗೇ ಒಂದು ಭಾಷಣ ತಯಾರಾಗಿಯೇ ಇತ್ತು. ಅವಕಾಶ ಸಿಕ್ಕರೆ ಇರಲಿ ಎಂದು!

ಹೆರಿಗೆ ಕೋಣೆಯೊಳಗೆ ಹೆಜ್ಜೆಯಿಟ್ಟರೆ ಚೈತ್ರ ಮಂಚದ ಕಂಬಿ ಹಿಡಿದು ಉಸಿರು ಬಿಗಿಹಿಡಿದಿದ್ದಳು. ಸತ್ಯವತಿಯನ್ನು ಕಂಡವಳೇ ಕೈ ಚಾಚಿದಳು. ಸತ್ಯವತಿ ಆ ಕೈ ಹಿಡಿದಳು. ಎಲ್ಲವೂ ಪಾಠದಂತೆಯೇ ಸಾಗುತ್ತಿತ್ತು. ಆಗ ಸಿಸ್ಟರ್ ಬಂದರು. ಚೈತ್ರಳ ಮುಂಗೈ ನೋಡಿದರು. ಬಳೆಗಳು ಊದಿದ ಮಾಂಸದಲ್ಲಿ ಹೂತು ಹಸಿರು ಗೆರೆಗಳಂತೆ ಕಾಣುತ್ತಿದ್ದವು.

"ಯಾರ್ರೀ ಇದನ್ನ ಹಾಕಿದ್ದು? ಕೈ ನೋಡಿ ಹೆಂಗೆ ಊದಿದೆ! ಡ್ರಿಪ್ ಎಲ್ಲಿ ಹಾಕೋದು? ಎಲ್ಲ ತೆಗೀರಿ. ಬರದಿದ್ರೆ ಹತ್ತಿ ಇಟ್ಟು ಒಡೆದುಬಿಡ್ತೀನಿ."

'ಒಡೆ' ಎಂಬ ಸದ್ದು ಕೇಳಿದ್ದೇ ತಡ, ಬಾಗಿಲ ಆಚೆಯಿಂದ ಲಿಂಗಮ್ಮನ ದನಿ ಗುಡುಗಿತು. "ಯಾರದು ಒಡೀತೀನಿ ಅಂದೋರು? ಮುತ್ತೈದೆ ಕೈಯಿನ ಸೀಮಂತದ ಬಳೆನಾ? ನನ್ನ ಮಗ ಇಲ್ಲೇ ಕಲ್ಲುಗುಂಡಿನ ಹಂಗೆ ನಿಂತವ್ನೆ! ಒಂದು ಬಳೆ ಟಣ್ ಅಂದ್ರೆ ನಾನು ಒಳಕ್ಕೆ ಬತ್ತೀನಿ!"

ಚೈತ್ರಳ ಮುಖ ಇನ್ನಷ್ಟು ಬಿಳಿಚಿತು. ಅತ್ತೆ ಒಳಗೆ ಬಂದರೆ ಅವಳ ಗತಿ ಏನು? ಅತ್ತೆ ಬಂದರೆ ಸತ್ಯವತಿ ಹೊರಗೆ. ಸತ್ಯವತಿ ಹೊರಗೆ ಬಂದರೆ ಸರ್ಟಿಫಿಕೇಟು ಮೋರಿಗೆ!

"ಸಿಸ್ಟರ್, ನಾನೇ ತೆಗೀತೀನಿ. ಒಂದೂ ಒಡೆಯದ ಹಾಗೆ," ಎಂದಳು. ಆ ಕೋಣೆಯಲ್ಲಿ ಸತ್ಯವತಿ ಆಡಿದ ಕೊನೆಯ ದೊಡ್ಡ ವಾಕ್ಯ ಅದು.

ಬಳೆ ಹತ್ತಿಸುವುದು ವಿದ್ಯೆ, ಇಳಿಸುವುದು ತಪಸ್ಸು! ಅದರಲ್ಲೂ ತಾನೇ ಒಂದಳತೆ ಕಮ್ಮಿ ತೊಡಿಸಿದ್ದನ್ನು ಊದಿದ ಕೈಯಿಂದ ಇಳಿಸುವುದೆಂದರೆ ತಾನೇ ಹಾಕಿದ ಬೀಗಕ್ಕೆ ತಾನೇ ಕನ್ನ ಹಾಕಿದಂತೆ. ಸತ್ಯವತಿ ಸೋಪು ತೆಗೆದುಕೊಂಡಳು, ನೀರು ತರಿಸಿದಳು, ಪ್ಲಾಸ್ಟಿಕ್ ಕವರು ಹೊರತೆಗೆದಳು. ಬಾಗಿಲ ಸಂದಿಯಿಂದ ರೇವಂತ್ ಕಣ್ಣು ಮುಚ್ಚಿಕೊಂಡೇ ತೆಂಗಿನೆಣ್ಣೆಯ ಬಾಟಲಿ ತೂರಿಸಿದ. ಕಷ್ಟ ಏನೆಂದರೆ, ನೋವು ಬಂದಾಗಲೆಲ್ಲ ಚೈತ್ರ ಮುಷ್ಟಿ ಕಟ್ಟುತ್ತಿದ್ದಳು. ಮುಷ್ಟಿ ಕಟ್ಟಿದರೆ ಬಳೆ ಮೇಲೇರುತ್ತಿತ್ತು. ನೋವು ಇಳಿದು ಬೆರಳು ಸಡಿಲವಾದ ಆ ಒಂದಿಷ್ಟು ಹೊತ್ತಿನಲ್ಲಿ ಬಳೆ ಗೆಣ್ಣು ದಾಟಬೇಕು. ಸತ್ಯವತಿ ಅವಳ ಉಸಿರನ್ನೇ ಕಾಯುತ್ತ ಕೂತಳು. ಅವಳ ಉಸಿರು ಒಳಗೆ ಹೋದರೆ ಇವಳದೂ ಒಳಗೆ. ಅವಳದು ಹೊರಗೆ ಬಂದರೆ ಇವಳದೂ ಹೊರಗೆ, ಜೊತೆಗೆ ಬಳೆಯೂ ಒಂದು ಕೂದಲೆಳೆಯಷ್ಟು ಹೊರಗೆ. ಭಾಷಣ ಮರೆತುಹೋಯಿತು. ಚೆಂಡು ತನ್ನಷ್ಟಕ್ಕೆ ಉರುಳಿ ಮೂಲೆ ಸೇರಿತು.

ಗಾಜು ಗೆಣ್ಣಿನ ಮೇಲೆ ನಿಂತಾಗ ಬಳೆಗಾರ್ತಿ ಮಾತಾಡಿದರೆ ಕೈ ಅಲುಗುತ್ತದೆ. ಕೈ ಅಲುಗಿದರೆ ಟಣ್! ಹಾಗಾಗಿ ಸತ್ಯವತಿ ಮಾತಾಡಲಿಲ್ಲ. ಬಾಯಲ್ಲಿ ಬಂದದ್ದು "ಬೆರಳು ಬಿಡಮ್ಮ" ಎಂಬ ಪಿಸುಮಾತು ಮಾತ್ರ. ಒಂದೊಂದು ಬಳೆ ಇಳಿದಾಗಲೂ ಸಿಸ್ಟರ್ ಅದನ್ನು ಬಾಗಿಲ ಬಳಿ ಒಯ್ಯುತ್ತಿದ್ದರು. ಲಿಂಗಮ್ಮ ಅದನ್ನು ಬೆಳಕಿಗೆ ಹಿಡಿದು, ಬಿರುಕು ನೋಡಿ, ಸೆರಗಿನ ತುದಿಗೆ ಹಾಕಿಕೊಂಡು "ಹ್ಞೂಂ, ಮುಂದಿನ್ದು" ಎನ್ನುತ್ತಿದ್ದರು.

ಎಡಗೈ ಮುಗಿಯಿತು. ಡ್ರಿಪ್ ಏರಿತು. ಬಲಗೈ ಶುರುವಾಯಿತು. ಡಾಕ್ಟರು ಬಂದರು, ಏನೋ ಹೇಳಿದರು. ಚೈತ್ರ ಕಿರುಚಿದಳು; ಅತ್ತೆ ಹೊರಗಿದ್ದಾರೆಂಬ ಪರಿವೆಯೇ ಇಲ್ಲದೆ, ಮನಸಾರೆ ಕಿರುಚಿದಳು. ಮಂಚದ ಆ ತುದಿಯಲ್ಲಿ ಓಡಾಟ ಜೋರಾಯಿತು. ಸತ್ಯವತಿಗೆ ಇದಾವುದರ ಗಮನವೂ ಇಲ್ಲ. ಅವಳ ಲೋಕದಲ್ಲಿ ಒಂದು ಕೈ, ಒಂದು ಗೆಣ್ಣು ಮತ್ತು ಕಟ್ಟಕಡೆಯ ಒಂದು ಹಸಿರು ಬಳೆ.

"ನೋಡಿ! ಹೆಣ್ಣು ಮಗು!" ಎಂದರು ಡಾಕ್ಟರು. ಮಗು ಕೋಣೆ ಹಾರಿಹೋಗುವಂತೆ ಅತ್ತಿತು.

"ಒಂದ್ನಿಮಿಷ ಇರಿ ಡಾಕ್ಟ್ರೇ," ಸತ್ಯವತಿ ತಲೆಯೆತ್ತಲೇ ಇಲ್ಲ, "ಇದೊಂದು ಇಳಿದುಬಿಡ್ಲಿ!"

ಬಳೆ ಇಳಿಯಿತು. ಒಂದೂ ಒಡೆದಿರಲಿಲ್ಲ! ಸತ್ಯವತಿ ವಿಜಯದ ನಗೆಯೊಂದಿಗೆ ಅದನ್ನು ಎತ್ತಿ ಹಿಡಿದು ಸುತ್ತ ನೋಡಿದಳು. ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ಮಗುವಿನ ಕಡೆ ನೋಡುತ್ತಿದ್ದರು. ಆಗ ಅವಳಿಗೆ ಹೊಳೆಯಿತು. ವಾರಗಟ್ಟಲೆ ಕ್ಲಾಸಿಗೆ ಹೋಗಿ, ಗಂಡನ ಹೊಟ್ಟೆಗೆ ದಿಂಬು ಕಟ್ಟಿ, ಚೆಂಡನ್ನು ಆಟೋದಲ್ಲಿ ಮೆರವಣಿಗೆ ಮಾಡಿಸಿ, ತಾನು ನೋಡಲು ಬಂದ ಹೆರಿಗೆಯೊಂದನ್ನೇ ತಾನು ನೋಡಲಿಲ್ಲ!

ಆ ಸಂಜೆ ಮನೆಯಲ್ಲಿ ಸತ್ಯವತಿ ಅನ್ನ ಮುಟ್ಟಲಿಲ್ಲ.

"ರೀ, ನಾಳೆ ರಂಜಿನಿ ಮೇಡಂ ಚೈತ್ರನ್ನ ಮಾತಾಡಿಸೋಕೆ ಬರ್ತಾರೆ. ಮಗು ಹೆಂಗೆ ಹುಟ್ಟಿತು ಅಂತ ನನ್ನ ಕೇಳಿದ್ರೆ ಏನು ಹೇಳ್ಲಿ?"

"ಎಲ್ಲರೂ ಹುಟ್ಟೋ ಹಾಗೇ ಅಂತ ಹೇಳು."

"ಬೆನ್ನು ನೀವಲಿಲ್ಲ. ಧೈರ್ಯ ಹೇಳಲಿಲ್ಲ. ಚೆಂಡು ಮುಟ್ಟಲಿಲ್ಲ. ಆ ಹುಡುಗಿ ನನ್ನ ನಂಬ್ಕೊಂಡು ಕರೆಸಿದ್ದು ಕಣ್ರೀ! ಅವಳ ನೋವಿನ ಹೊತ್ತಲ್ಲಿ ನಾನು ನನ್ನ ಬಳೆ ನೋಡ್ಕೊಂಡು ಕೂತಿದ್ದೆ."

ರವಿಕುಮಾರ್ ನಗಲಿಲ್ಲ. ಹೆಂಡತಿಯ ದನಿಯಲ್ಲಿ ಡೌಲು ಇಲ್ಲದ್ದನ್ನು ಅವನು ಮೊದಲ ಬಾರಿಗೆ ಕೇಳಿದ್ದ. "ಹೋಗ್ಲಿ ಬಿಡೇ, ಬೆಡ್‌ಶೀಟು ಚೆನ್ನಾಗೇ ಕಾಣುತ್ತೆ," ಎಂದು ಸಮಾಧಾನ ಹೇಳಿದ.

ಮರುದಿನ ವಾರ್ಡಿನಲ್ಲಿ ರಂಜಿನಿ ಮೇಡಂ ಚೈತ್ರಳ ಮಂಚದ ಪಕ್ಕ ಕುರ್ಚಿ ಎಳೆದು ಕೂತರು. ಲಿಂಗಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕಿವಿ ನಿಮಿರಿಸಿದ್ದರು. ಸತ್ಯವತಿ ಬಾಗಿಲಿಗೆ ಆತು ನಿಂತಿದ್ದಳು, ಮಾರ್ಕ್ಸ್ ಕಾರ್ಡು ತಂದ ಹುಡುಗಿಯಂತೆ.

"ಚೈತ್ರಾ, ಸಂಕೋಚ ಬೇಡ. ಸತ್ಯವತಿಯವರು ನಿಮ್ಮ ಜೊತೆಗಿದ್ರಾ?"

"ಜೊತೆಗಾ? ಒಂದು ಗಳಿಗೆ ಕೈ ಬಿಡ್ಲಿಲ್ಲ ಮೇಡಂ! ಮಗು ಹುಟ್ಟಿದ ಮೇಲೂ ಬಿಡ್ಲಿಲ್ಲ."

ರಂಜಿನಿ ಮೇಡಂ ಹುಬ್ಬೇರಿಸಿದರು. "ತುಂಬ ಮಾತಾಡಿದ್ರಾ?"

"ಇಲ್ವೇ ಇಲ್ಲ ಮೇಡಂ. 'ಬೆರಳು ಬಿಡಮ್ಮ' ಅಂತ ಒಂದೇ ಮಾತು. ಬೆರಳು ಬಿಡ್ತಿದ್ದ ಹಾಗೆ ಮೈಯೆಲ್ಲ ಸಡಿಲ ಆಗ್ತಿತ್ತು. ಆಂಟಿ ನಾನು ಉಸಿರಾಡಿದ ಹಾಗೇ ಉಸಿರಾಡ್ತಿದ್ರು."

ರಂಜಿನಿ ಮೇಡಂ ಕಣ್ಣು ತೇವವಾಯಿತು. ಎದ್ದು ಬಂದು ಸತ್ಯವತಿಯ ಎರಡೂ ಕೈ ಹಿಡಿದುಕೊಂಡರು. "ನಾನು ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ. ಇಷ್ಟು ತನ್ಮಯತೆ ನಮ್ಮ ಯಾವ ಬ್ಯಾಚಲ್ಲೂ ನೋಡಿಲ್ಲ!" ಆಮೇಲೆ ಚೈತ್ರಳತ್ತ ತಿರುಗಿ ಕೇಳಿದರು: "ಕೊನೇ ಪ್ರಶ್ನೆ ಅಮ್ಮ. ಇವರಿಂದ ನಿಮ್ಮ ಹೆರಿಗೆ ನೋವು ಕಡಿಮೆ ಅನ್ನಿಸ್ತಾ?"

"ಹೆರಿಗೆ ನೋವಾ?" ಚೈತ್ರ ತನ್ನ ಕೆಂಪಾದ ಮುಂಗೈಗಳನ್ನು ನೀವಿಕೊಂಡಳು. "ಅದು ಯಾವಾಗ ಬಂತು, ಯಾವಾಗ ಹೋಯ್ತು, ನಂಗೊಂದೂ ಗೊತ್ತಾಗ್ಲಿಲ್ಲ ಮೇಡಂ. ಆಂಟಿ ಬಳೆ ಕೀಳ್ತಿದ್ರಲ್ಲ, ಅದರ ಮುಂದೆ ಅದ್ಯಾವ ನೋವು ಬಿಡಿ!"

ಗಾಳಿಗೂ ನೋವಾಗದಂತೆ ಮಾತಾಡುವ ರಂಜಿನಿ ಮೇಡಂ ವಾರ್ಡಿನ ಮಕ್ಕಳೆಲ್ಲ ಎದ್ದು ಅಳುವಂತೆ ನಕ್ಕರು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, "ಈ ಪದ್ಧತಿ ನಮ್ಮ ಪಾಠದಲ್ಲಿಲ್ಲ. ಆದ್ರೆ ತಾಯಿ ಮಾತೇ ಕೊನೇ ಮಾತು. ನೀವು ಪಾಸು ಸತ್ಯವತಿಯವರೇ," ಎಂದರು.

'ಪಾಸು' ಎಂಬ ಎರಡಕ್ಷರ ಕಿವಿಗೆ ಬಿದ್ದದ್ದೇ ತಡ, ಹಿಂದಿನ ಸಂಜೆ ಎಲ್ಲೋ ಹೋಗಿದ್ದ ಸತ್ಯವತಿ ದಡದಡನೆ ವಾಪಸು ಬಂದಳು. ಎದೆ ಉಬ್ಬಿತು, ಸೆರಗು ನೆಟ್ಟಗಾಯಿತು, ಬಾಯಿ ತೆರೆಯಿತು. ಸೀದಾ ಹೋಗಿ ಲಿಂಗಮ್ಮನ ತೊಡೆಯ ಮೇಲಿದ್ದ ಮಗುವಿನ ಪುಟ್ಟ ಕೈ ಹಿಡಿದು ಅಳತೆ ನೋಡಿದಳು.

"ಲಿಂಗಮ್ಮನೋರೇ, ನಾಮಕರಣಕ್ಕೆ ಮಗೂಗೆ ಕರಿಬಳೆ ನಮ್ಮ ಅಂಗಡಿದೇ! ನಾನೇ ಬಂದು ತೊಡಿಸ್ತೀನಿ!"

ಲಿಂಗಮ್ಮ ಮೊಮ್ಮಗಳ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಸೆರಗಿನೊಳಗೆ ಮುಚ್ಚಿಟ್ಟುಕೊಂಡರು.

"ನಾಮಕರಣಕ್ಕೆ ಖಂಡಿತ ಬಾರಮ್ಮ. ಹೋಳಿಗೆ ಊಟ ಮಾಡ್ಕಂಡು ಹೋಗು," ಎಂದರು. "ಬಳೆ ಮಾತ್ರ ಬ್ಯಾಡ ಕಣವ್ವ. ಈ ಮಗೂಗೆ ಮದುವೆ ವಯಸ್ಸಾದಾಗ್ಲಾದ್ರೂ ಕೈಯಿಂದ ಇಳೀಬೇಕಲ್ಲ!"